ಹಳೇ ಗಾರೆಯಲ್ಲಿ ಏನಿದೆ ಅಂತ ಲೇಸರ್ ನಿಜವಾಗಿ ಹೇಳುತ್ತದೆಯೇ? ಸರ್ ಸಿ. ವಿ. ರಾಮನ್ ಅವರ ಬದುಕಿನಲ್ಲೇ ಇದೆ ಉತ್ತರ

ಹಲಸೂರಿನ ಕಡೆಯಿಂದ ಕೆ.ಆರ್. ಪುರಕ್ಕೆ ಓಡಾಡುವವರಿಗೆ ಸಿ. ವಿ. ರಾಮನ್ ನಗರ ಅಂದರೆ ಬಸ್ಸಿನ ಬೋರ್ಡು. ಇಂದಿರಾನಗರದವರಿಗೆ ಅದು ಸರ್ಕಾರಿ ಜನರಲ್ ಆಸ್ಪತ್ರೆಯ ಹೆಸರು. ಫೆಬ್ರವರಿ 28 ಬಂದರೆ ಅದೇ ಹೆಸರು ನಮ್ಮೆಲ್ಲರ ವಾಟ್ಸಾಪ್ ಗುಂಪುಗಳಿಗೂ ಬರುತ್ತದೆ. ಪೇಟ ಸುತ್ತಿದ ಗಂಭೀರ ಮುಖದ ಫೋಟೋ, ಅದರ ಕೆಳಗೆ ಇವತ್ತು ರಾಮನ್ ಅವರ ಜನ್ಮದಿನ ಎಂಬ ಶುಭಾಶಯ.

ಇನ್ನೊಂದು ಬಗೆಯ ಫಾರ್ವರ್ಡ್ ವರ್ಷವಿಡೀ ಸುತ್ತುತ್ತದೆ. ನಮ್ಮ ಹಿರಿಯರು ಬೆಲ್ಲ, ಮೊಟ್ಟೆ, ಅಳಲೆಕಾಯಿ ಹಾಕಿ ಗಾರೆ ಕಲಸುತ್ತಿದ್ದರು, ಅದಕ್ಕೇ ಆ ಗೋಡೆಗಳು ಇನ್ನೂ ನಿಂತಿವೆ, ವಿಜ್ಞಾನಿಗಳು ಲೇಸರ್ ಹಿಡಿದು ಇದನ್ನು ಸಾಬೀತು ಮಾಡಿದ್ದಾರೆ, ಕಟ್ಟಡದ ವಯಸ್ಸನ್ನೂ ಲೇಸರ್ ಹೇಳಿದೆ ಎಂಬ ಧಾಟಿಯದು.

ಈ ಎರಡೂ ಸಂದೇಶಗಳಿಗೆ ಒಂದು ನಂಟಿದೆ. ಹಳೇ ಗಾರೆಯ ಮೇಲೆ ಲೇಸರ್ ಹಿಡಿದು ಮಾಡುವ ಮುಖ್ಯ ಪರೀಕ್ಷೆಗಳಲ್ಲಿ ಒಂದರ ಹೆಸರೇ ರಾಮನ್ ಸ್ಪೆಕ್ಟ್ರೋಸ್ಕೋಪಿ. ಎರಡೂ ಸಂದೇಶಗಳಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಕಲಬೆರಕೆಯೂ ಇದೆ. ಕಲಬೆರಕೆ ಯಾವುದು, ಅಸಲಿ ಯಾವುದು ಎಂದು ಬೇರ್ಪಡಿಸಲು ರಾಮನ್ ಅವರ ಗುಂಪು ವರ್ಷಗಟ್ಟಲೆ ಒದ್ದಾಡಿತ್ತು. ಹಾಗಾಗಿ ನಾವು ಅವರ ಬದುಕಿನಿಂದಲೇ ಶುರು ಮಾಡೋಣ.

ಲೆಕ್ಕಪತ್ರ ಇಲಾಖೆಯ ಹುಡುಗ

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಅಂದರೆ ಫೆಬ್ರವರಿ 28 ಅವರ ಹುಟ್ಟುಹಬ್ಬ ಅಲ್ಲವೇ ಅಲ್ಲ. ಆ ದಿನ ಏಕೆ ಮುಖ್ಯ ಎನ್ನುವುದು ಮುಂದೆ ಬರುತ್ತದೆ.

ತಂದೆ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಮಗ ಬೆಳೆದದ್ದು ವಿಶಾಖಪಟ್ಟಣದಲ್ಲಿ, ಓದಿದ್ದು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ಬಗ್ಗೆ ಬರೆದ ಮೊದಲ ಲೇಖನ ಲಂಡನ್ನಿನ ಫಿಲಾಸಾಫಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟವಾಯಿತು. ಆದರೆ ಆ ಕಾಲದಲ್ಲಿ ವಿಜ್ಞಾನವನ್ನೇ ನಂಬಿ ಸಂಸಾರ ನಡೆಸುವುದು ಕಷ್ಟವಿತ್ತು. ಪರೀಕ್ಷೆ ಬರೆದು, 1907ರಲ್ಲಿ, ಹದಿನೆಂಟರ ವಯಸ್ಸಿಗೆ, ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಲೋಕಸುಂದರಿ ಅವರೊಡನೆ ಮದುವೆಯಾದದ್ದೂ ಅದೇ ವರ್ಷ.

ಕಲ್ಕತ್ತೆಯ ಬೌಬಜಾರ್ ರಸ್ತೆಯಲ್ಲಿ 1876ರಲ್ಲಿ ಶುರುವಾದ ಒಂದು ವಿಜ್ಞಾನ ಸಂಘವಿತ್ತು. ರಾಮನ್ ಕಚೇರಿಗೆ ಹೋಗುವ ಮುಂಚೆ ಅಲ್ಲಿ ಪ್ರಯೋಗ ಮಾಡುತ್ತಿದ್ದರು, ಕಚೇರಿ ಮುಗಿಸಿ ಮತ್ತೆ ಅಲ್ಲಿಗೇ ಬರುತ್ತಿದ್ದರು. ಪಿಟೀಲು, ವೀಣೆ, ಮೃದಂಗದ ನಾದ ಹೇಗೆ ಹುಟ್ಟುತ್ತದೆ ಎನ್ನುವುದು ಆಗಿನ ಅವರ ಮುಖ್ಯ ವಿಷಯ. ಹೀಗೆ ಹತ್ತು ವರ್ಷ ನಡೆಯಿತು. 1917ರಲ್ಲಿ, ಹೆಚ್ಚು ಸಂಬಳದ ಸರ್ಕಾರಿ ಕೆಲಸ ಬಿಟ್ಟು, ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು.

ಸಮುದ್ರದ ನೀಲಿ: ಅರ್ಧ ನಿಜದ ಕಥೆ

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ರಾಮನ್ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ನೋಡಿದರು. ಸಮುದ್ರದ ನೀಲಿ ಬರೀ ಆಕಾಶದ ಪ್ರತಿಫಲನ ಎಂದು ದೊಡ್ಡ ವಿಜ್ಞಾನಿ ಲಾರ್ಡ್ ರೇಲಿ ಹೇಳಿದ್ದರು. ರಾಮನ್ ಜೇಬಿನಲ್ಲಿದ್ದ ನಿಕೋಲ್ ಪ್ರಿಸಂ ಎಂಬ ಹರಳಿನ ತುಂಡನ್ನು ಕಣ್ಣಿಗೆ ಹಿಡಿದು ಪ್ರತಿಫಲಿತ ಬೆಳಕನ್ನು ಕಡಿತ ಮಾಡಿ ನೋಡಿದರೆ, ನೀಲಿ ಮಾಯವಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಅವರು ವಾದಿಸಿದರು.

ಇಲ್ಲಿಯವರೆಗೆ ಫಾರ್ವರ್ಡ್‌ಗಳು ಸರಿ. ಇದೇ ರಾಮನ್ ಪರಿಣಾಮ ಎಂದು ಮುಗಿಸುವಲ್ಲಿ ತಪ್ಪುತ್ತವೆ. ಸಮುದ್ರ ನೀಲಿಯಾಗಿ ಕಾಣಲು ಬೆಳಕು ಬಣ್ಣ ಬದಲಿಸದೆ ಚದುರುವುದು ಒಂದು ಕಾರಣ, ನೀರು ಕೆಂಪು ಬೆಳಕನ್ನು ಹೆಚ್ಚು ಹೀರಿಕೊಳ್ಳುವುದು ಇನ್ನೊಂದು ಕಾರಣ. ರಾಮನ್ ಪರಿಣಾಮ ಬೇರೆಯದೇ ಸಂಗತಿ. ಸಮುದ್ರ ಅದರ ಕಡೆಗೆ ದಾರಿ ತೋರಿಸಿತು, ಅಷ್ಟೇ.

ಕಲ್ಮಶವೋ, ಅಸಲಿಯೋ?

ಊರಿಗೆ ಮರಳಿದ ರಾಮನ್ ಮತ್ತು ಅವರ ವಿದ್ಯಾರ್ಥಿಗಳು ದ್ರವಗಳ ಮೂಲಕ ಬಿಸಿಲನ್ನು ಹಾಯಿಸಿ, ಪಕ್ಕಕ್ಕೆ ಚದುರಿದ ಬೆಳಕನ್ನು ನೋಡುತ್ತಾ ಕೂತರು. 1923ರಲ್ಲಿ ಕೆ. ಆರ್. ರಾಮನಾಥನ್ ಅವರಿಗೆ ಒಂದು ವಿಚಿತ್ರ ಕಂಡಿತು. ಒಳಗೆ ಹೋದ ಬಣ್ಣದ ಜೊತೆಗೆ, ತೀರಾ ಮಂಕಾಗಿ, ಬೇರೊಂದು ಬಣ್ಣವೂ ಹೊರಬರುತ್ತಿತ್ತು.

ಮೊದಲ ಅನುಮಾನ ಕಲ್ಮಶದ ಮೇಲೆ. ಕೆಲವು ಪದಾರ್ಥಗಳು ಬೆಳಕನ್ನು ನುಂಗಿ ಬೇರೆ ಬಣ್ಣದಲ್ಲಿ ಮಿನುಗುತ್ತವೆ, ಇದಕ್ಕೆ ಫ್ಲೋರೆಸೆನ್ಸ್ ಎನ್ನುತ್ತಾರೆ. ಹೆದ್ದಾರಿ ಕಾರ್ಮಿಕರ ಹಳದಿ ಹಸಿರು ಜಾಕೆಟ್ ಅಷ್ಟು ಹೊಳೆಯುವುದು ಇದರಿಂದಲೇ. ದ್ರವವನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿ ಶುದ್ಧ ಮಾಡಿದರೂ ಆ ಮಂಕು ಬಣ್ಣ ಹೋಗಲಿಲ್ಲ. ವರ್ಷಗಳು ಕಳೆದವು. ಎಸ್. ವೆಂಕಟೇಶ್ವರನ್ ಅವರು ಶುದ್ಧ ಗ್ಲಿಸರಿನ್‌ನಲ್ಲಿ ಅದನ್ನು ಸ್ಪಷ್ಟವಾಗಿ ಕಂಡರು. ಕೆ. ಎಸ್. ಕೃಷ್ಣನ್ ಅವರು 1928ರ ಫೆಬ್ರವರಿಯಲ್ಲಿ ಹಲವು ದ್ರವಗಳನ್ನು ಒಂದಾದ ಮೇಲೊಂದು ಪರೀಕ್ಷಿಸಿದರು. ಎಲ್ಲದರಲ್ಲೂ ಅದು ಇತ್ತು. ಜೊತೆಗೆ ಆ ಬೆಳಕಿನ ಕಂಪನಕ್ಕೆ ಒಂದು ನಿರ್ದಿಷ್ಟ ದಿಕ್ಕೂ ಇತ್ತು. ಮಾಮೂಲಿ ಫ್ಲೋರೆಸೆನ್ಸ್‌ನಲ್ಲಿ ಹೀಗಾಗುವುದಿಲ್ಲ. ಫೆಬ್ರವರಿ 28ರಂದು ಸ್ಪೆಕ್ಟ್ರೋಸ್ಕೋಪ್ ಮೂಲಕ ನೋಡಿದಾಗ ಹೊಸ ಬೆಳಕು ಹಳೆಯದರಿಂದ ಪ್ರತ್ಯೇಕವಾಗಿ ನಿಂತಿರುವುದು ಖಚಿತವಾಯಿತು.

1987ರಿಂದ ದೇಶ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತಿರುವುದು ಇದಕ್ಕಾಗಿ. ಒಬ್ಬ ವ್ಯಕ್ತಿಯ ಜನನಕ್ಕಲ್ಲ, ಐದು ವರ್ಷದ ಅನುಮಾನ ಬಗೆಹರಿದದ್ದಕ್ಕೆ.

ರಸೆಲ್ ಮಾರ್ಕೆಟ್ ಲೆಕ್ಕ

ರಾಮನ್ ಪರಿಣಾಮ ಏನು ಎನ್ನುವುದನ್ನು ಶಿವಾಜಿನಗರದ ಭಾಷೆಯಲ್ಲಿ ಹೇಳೋಣ. ಸಾವಿರಾರು ಜನ ತಲಾ ನೂರು ರೂಪಾಯಿ ಹಿಡಿದು ರಸೆಲ್ ಮಾರ್ಕೆಟ್ ಒಳಗೆ ಹೋಗುತ್ತಾರೆ ಅಂದುಕೊಳ್ಳಿ. ಹೆಚ್ಚುಕಡಿಮೆ ಎಲ್ಲರೂ ಏನೂ ಕೊಳ್ಳದೆ ಅದೇ ನೂರು ರೂಪಾಯಿಯೊಂದಿಗೆ ಹೊರಬರುತ್ತಾರೆ. ಎಲ್ಲೋ ಒಬ್ಬರ ಜೇಬಿನಲ್ಲಿ ಮಾತ್ರ ಎಂಬತ್ತೆಂಟು ಉಳಿದಿರುತ್ತದೆ. ಒಂದೊಂದು ಅಂಗಡಿಯಲ್ಲೂ ಒಂದೊಂದು ಬೆಲೆ, ಚೌಕಾಸಿಯೇ ಇಲ್ಲ ಎಂದಾದರೆ, ಹನ್ನೆರಡು ರೂಪಾಯಿ ಕಡಿಮೆಯಾದದ್ದನ್ನು ನೋಡಿಯೇ ಅವರು ಯಾವ ಅಂಗಡಿಗೆ ಹೋಗಿದ್ದರು ಎಂದು ಹೇಳಬಹುದು.

ಬೆಳಕಿನ ಕಣಗಳೂ ಹೀಗೆಯೇ. ಬಹುಪಾಲು ಅದೇ ಬಣ್ಣದಲ್ಲಿ ಚದುರುತ್ತವೆ. ಸುಮಾರು ಒಂದು ಕೋಟಿಯಲ್ಲಿ ಒಂದು ಕಣ ಮಾತ್ರ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅಣುವಿನ ಕಂಪನಕ್ಕೆ ಕೊಟ್ಟು, ಬೇರೆ ಬಣ್ಣವಾಗಿ ಹೊರಬರುತ್ತದೆ. ಎಷ್ಟು ಕೊಟ್ಟಿತು ಎನ್ನುವುದು ಒಂದೊಂದು ಪದಾರ್ಥಕ್ಕೂ ನಿಗದಿ. ಸ್ಪೆಕ್ಟ್ರೋಸ್ಕೋಪಿಯ ಅಳತೆಯಲ್ಲಿ ಗಟ್ಟಿಯಾದ ಸುಣ್ಣ, ಅಂದರೆ ಕ್ಯಾಲ್ಸೈಟ್, 1086ರ ಸುಮಾರಿಗೆ ತನ್ನ ಮುಖ್ಯ ಗುರುತು ತೋರಿಸುತ್ತದೆ. ಜಿಪ್ಸಮ್ 1008ರ ಹತ್ತಿರ. ಮರಳಿನ ಕ್ವಾರ್ಟ್ಜ್ 464ರ ಹತ್ತಿರ.

ಇಲ್ಲೊಂದು ಕಾಕತಾಳೀಯವಿದೆ. ಅದೇ 1928ರಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬ ಇಬ್ಬರು ಸ್ವತಂತ್ರವಾಗಿ ಇದೇ ಪರಿಣಾಮವನ್ನು ಕಂಡರು. ಅವರು ಬಳಸಿದ್ದು ದ್ರವಗಳನ್ನಲ್ಲ, ಎರಡು ಹರಳುಗಳನ್ನು: ಕ್ವಾರ್ಟ್ಜ್ ಮತ್ತು ಕ್ಯಾಲ್ಸೈಟ್. ಒಂದು ಮರಳು, ಇನ್ನೊಂದು ಗಟ್ಟಿಯಾದ ಸುಣ್ಣ. ನಮ್ಮ ಹಳೇ ಗಾರೆಯ ಮುಖ್ಯ ಸಾಮಗ್ರಿಗಳೂ ಇವೇ ಎರಡು.

ಬೆಂಗಳೂರಿಗೆ

ಹೊಸ ವಿಕಿರಣದ ಬಗ್ಗೆ ರಾಮನ್ ತಮ್ಮ ವಿವರವಾದ ಉಪನ್ಯಾಸ ಕೊಟ್ಟದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು, ಸೆಂಟ್ರಲ್ ಕಾಲೇಜಿನಲ್ಲಿ. ಆಗ ಊರು ಎರಡಾಗಿತ್ತು. ಪೇಟೆ ಮೈಸೂರು ಸಂಸ್ಥಾನದ್ದು. ಕಬ್ಬನ್ ಪಾರ್ಕಿನ ಪೂರ್ವಕ್ಕೆ ಹಲಸೂರಿನವರೆಗಿನ ದಂಡು ಬ್ರಿಟಿಷರ ಆಡಳಿತದ್ದು. ರಸೆಲ್ ಮಾರ್ಕೆಟ್ ಕಟ್ಟಡ ಎದ್ದದ್ದು ಅದೇ ಸುಮಾರಿಗೆ, 1927ರಲ್ಲಿ.

1930ರಲ್ಲಿ ನೊಬೆಲ್ ಬಂತು. 1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮುಂದಿನ 37 ವರ್ಷ ಇದೇ ಅವರ ಊರು. 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು.

ಈ ಬದುಕಿನಲ್ಲಿ ಮೆಚ್ಚಲಾಗದ ಪುಟವೂ ಒಂದಿದೆ, ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಸಂಶೋಧನೆಗೆ ಸೇರಲು ಬಂದಾಗ ಹೆಣ್ಣು ಎಂಬ ಕಾರಣಕ್ಕೆ ರಾಮನ್ ಒಪ್ಪಲಿಲ್ಲ. ಆಕೆ ಪಟ್ಟು ಬಿಡಲಿಲ್ಲ. ಷರತ್ತಿನ ಮೇಲೆ ಸೇರಿಸಿಕೊಂಡರು, ಒಂದು ವರ್ಷದ ಕೆಲಸ ನೋಡಿ ಪೂರ್ಣ ಅನುಮತಿ ಕೊಟ್ಟರು. ಆಕೆ ಮುಂದೆ ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಪಡೆದರು. ಆಡಳಿತದಲ್ಲೂ ರಾಮನ್ ಅವರಿಗೆ ಹಲವರೊಂದಿಗೆ ಜಟಾಪಟಿಯಾಯಿತು. 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರು, ಪ್ರಾಧ್ಯಾಪಕರಾಗಿ 1948ರವರೆಗೆ ಉಳಿದರು.

ಒಂದು ಫೋಟೋಗೆ ಇಪ್ಪತ್ತು ಗಂಟೆ

1940ರಲ್ಲಿ ಅವರ ಪ್ರಯೋಗಾಲಯಕ್ಕೆ ಅಣ್ಣಾ ಮಣಿ ಸೇರಿದರು. ಕೊಟ್ಟ ಕೆಲಸ ವಜ್ರ ಮತ್ತು ಮಾಣಿಕ್ಯಗಳ ಬೆಳಕನ್ನು ಅಳೆಯುವುದು. ಆಗ ಲೇಸರ್ ಇರಲಿಲ್ಲ, ಪಾದರಸದ ದೀಪವೇ ಗತಿ. ಕೋಟಿಗೊಂದು ಕಣವನ್ನು ಫೋಟೋ ಪ್ಲೇಟಿನ ಮೇಲೆ ಹಿಡಿಯಬೇಕೆಂದರೆ ಒಂದೊಂದಕ್ಕೂ ಹದಿನೈದರಿಂದ ಇಪ್ಪತ್ತು ಗಂಟೆ ಬೇಕಾಗುತ್ತಿತ್ತು. ಅವರು ರಾತ್ರಿಯೆಲ್ಲ ಲ್ಯಾಬಿನಲ್ಲೇ ಉಳಿದು ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಹೀಗೆ ಅಳೆದರು. ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಆಕೆಗೆ ಪಿಎಚ್.ಡಿ. ಕೊಡಲಿಲ್ಲ. ಮುಂದೆ ಆಕೆ ದೇಶದ ಹೆಸರಾಂತ ಹವಾಮಾನ ವಿಜ್ಞಾನಿಯಾದರು.

1948ರ ನಂತರ ರಾಮನ್ ತಾವೇ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಅಲ್ಲಿ ಹರಳು, ಕಲ್ಲು, ಚಿಪ್ಪು, ಮುತ್ತುಗಳ ದೊಡ್ಡ ಸಂಗ್ರಹ ಮಾಡಿದರು. 1950ರ ದಶಕದಲ್ಲಿ ಜಿಪ್ಸಮ್ ಬಗ್ಗೆಯೂ ಕೆಲಸ ಮಾಡಿದರು. ಇವತ್ತು ನಮ್ಮ ಫಾಲ್ಸ್ ಸೀಲಿಂಗ್‌ಗಳಲ್ಲಿ ಇರುವ ಅದೇ ಜಿಪ್ಸಮ್. 1954ರಲ್ಲಿ ಭಾರತ ರತ್ನ ಬಂತು.

1960ರಲ್ಲಿ ಅಮೆರಿಕದ ಥಿಯೋಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ರಾಮನ್ ಲೇಸರ್ ಕಂಡುಹಿಡಿದರು ಎಂಬ ಸಂದೇಶ ನಿಮಗೆ ಬಂದರೆ ಅದು ತಪ್ಪು. ಆದರೆ ಒಂದೇ ಬಣ್ಣದ, ಪ್ರಖರವಾದ ಲೇಸರ್ ಬೆಳಕು ರಾಮನ್ ಪರಿಣಾಮಕ್ಕೆ ಹೇಳಿ ಮಾಡಿಸಿದಂತಿತ್ತು. ಕೆಲವೇ ವರ್ಷಗಳಲ್ಲಿ ಪಾದರಸದ ದೀಪ ಮೂಲೆ ಸೇರಿತು. 1970ರ ನವೆಂಬರ್ 21ರಂದು ರಾಮನ್ ತೀರಿಕೊಂಡರು. ತಮ್ಮ ಸಂಸ್ಥೆಯ ತೋಟದಲ್ಲೇ ಅವರ ಅಂತ್ಯಸಂಸ್ಕಾರ ನಡೆಯಿತು. ಸೂಕ್ಷ್ಮದರ್ಶಕಕ್ಕೆ ಲೇಸರ್ ಜೋಡಿಸಿ ಕೂದಲೆಳೆಗಿಂತ ಸಣ್ಣ ಚುಕ್ಕೆಯನ್ನೂ ಪರೀಕ್ಷಿಸುವ ರಾಮನ್ ಮೈಕ್ರೋಸ್ಕೋಪ್ ಬಂದದ್ದು ಅದರ ಕೆಲವು ವರ್ಷಗಳ ನಂತರ, ಫ್ರಾನ್ಸಿನಲ್ಲಿ. ಇಂದು ಕೈಯಲ್ಲಿ ಹಿಡಿಯುವ ಉಪಕರಣಗಳೂ ಇವೆ. ಇಪ್ಪತ್ತು ಗಂಟೆಯ ಕೆಲಸ ಸೆಕೆಂಡುಗಳಿಗೆ ಇಳಿದಿದೆ. 2021ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಪರ್ಸಿವರೆನ್ಸ್ ವಾಹನ ಅಲ್ಲಿನ ಕಲ್ಲುಗಳನ್ನು ನೋಡುತ್ತಿರುವುದೂ ಇದೇ ವಿಧಾನದಿಂದ.

ಗಾರೆಯ ಮೇಲೆ ಹಿಡಿದರೆ ಏನು ಗೊತ್ತಾಗುತ್ತದೆ?

ದಂಡಿನ ಹಳೇ ಬಂಗಲೆಗಳು, ಹಲಸೂರಿನ ಗಲ್ಲಿಮನೆಗಳ ಕಾಲದಲ್ಲಿ ಗೋಡೆ ಎಂದರೆ ಇಟ್ಟಿಗೆ, ಸುಣ್ಣ, ಮರಳು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ, ಮರಳು ಸೇರಿಸಿ, ಅರೆದು ಗಾರೆ ಮಾಡುತ್ತಾರೆ. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ರಾಮನ್ ಉಪಕರಣದಲ್ಲಿ 1086ರ ಗುರುತು ಕಂಡರೆ ಕಲ್ಲಾದ ಸುಣ್ಣ ಅಲ್ಲಿದೆ ಎಂದರ್ಥ.

1008 ಕಂಡರೆ ಜಿಪ್ಸಮ್ ಇದೆ. ಅದನ್ನು ಯಾರೋ ಹಚ್ಚಿರಬಹುದು, ಇಲ್ಲವೇ ವಾಹನ ಮತ್ತು ಕಾರ್ಖಾನೆಗಳ ಹೊಗೆಯ ಗಂಧಕ ತೇವದ ಜೊತೆ ಸೇರಿ ಸುಣ್ಣವನ್ನೇ ಜಿಪ್ಸಮ್ ಮಾಡಿರಬಹುದು. ಸಿಮೆಂಟಿನಲ್ಲಿ ನೀರು ತಾಗದೆ ಉಳಿದ ಕಣಗಳ ಗುರುತು ಬೇರೆ. ಅದು ಕಂಡರೆ ಯಾರೋ ಸಿಮೆಂಟಿನಲ್ಲಿ ತೇಪೆ ಹಾಕಿದ್ದಾರೆ ಎಂದು ತಿಳಿಯುತ್ತದೆ. ಕೆಂಪು ನೆಲದ ಬಣ್ಣ ಕಬ್ಬಿಣದ ಆಕ್ಸೈಡೋ ಬೇರೆಯದೋ ಎನ್ನುವುದೂ ಗೊತ್ತಾಗುತ್ತದೆ.

2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಇಟಲಿಯ ಪ್ರಿವೆರ್ನಂ ಎಂಬ ರೋಮನ್ ಕಾಲದ ಊರಿನ ಗೋಡೆಯ ಗಾರೆಯಲ್ಲಿ ಬಿಳಿ ಸುಣ್ಣದ ಗಂಟುಗಳಿದ್ದವು. ಸರಿಯಾಗಿ ಕಲಸದ ಕೆಲಸಗಾರರ ಅಸಡ್ಡೆ ಎಂದು ಅವನ್ನು ತಳ್ಳಿಹಾಕಲಾಗಿತ್ತು. ಎಂ.ಐ.ಟಿ. ಮತ್ತು ಹಾರ್ವರ್ಡ್ ಸಂಶೋಧಕರು ರಾಮನ್ ಸೇರಿದಂತೆ ಹಲವು ವಿಧಾನಗಳಿಂದ ನೋಡಿದಾಗ, ಸುಟ್ಟ ಸುಣ್ಣವನ್ನು ಅರಳಿಸದೆ ಬಿಸಿಬಿಸಿಯಾಗಿಯೇ ಕಲಸಿದ ಸೂಚನೆ ಸಿಕ್ಕಿತು. ಬಿರುಕು ಬಿಟ್ಟಾಗ ಆ ಗಂಟುಗಳ ಸುಣ್ಣ ನೀರಲ್ಲಿ ಕರಗಿ ಬಿರುಕನ್ನು ಮುಚ್ಚಬಲ್ಲದು ಎಂದೂ ಅವರು ತೋರಿಸಿದರು.

ಹಾಗಾದರೆ ಬೆಲ್ಲ, ಮೊಟ್ಟೆ?

ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಸೇರಿಸುವ ಪದ್ಧತಿ ದಕ್ಷಿಣ ಭಾರತದಲ್ಲಿ ಇತ್ತು, ಇದು ನಿಜ. ಮದ್ರಾಸ್ ಕಡೆಯ ನುಣುಪು ಗಾರೆಗೆ ಮೊಟ್ಟೆಯ ಬಿಳಿಯನ್ನೂ ಬಳಸುತ್ತಿದ್ದರು. ಆದರೆ ಎಲ್ಲ ಕಟ್ಟಡಕ್ಕೂ ಎಲ್ಲವನ್ನೂ ಹಾಕಿದ್ದರು ಎನ್ನುವಂತಿಲ್ಲ.

ಲೇಸರ್ ಇದನ್ನು ಸಾಬೀತು ಮಾಡಿತು ಎಂಬ ಮಾತನ್ನು ಮಾತ್ರ ಎರಡು ಸಲ ಯೋಚಿಸಿ ನಂಬಿ. ಬೆಲ್ಲ, ಅಂಟು, ಮೊಟ್ಟೆಯಂಥ ಜೈವಿಕ ಪದಾರ್ಥಗಳ ಹಳೇ ಅವಶೇಷದ ಮೇಲೆ ಲೇಸರ್ ಬಿದ್ದರೆ ಅವು ಜೋರಾಗಿ ಫ್ಲೋರೆಸೆನ್ಸ್ ತೋರಿಸುತ್ತವೆ. ಆ ಹೊಳಪಿನಲ್ಲಿ ಮಂಕಾದ ರಾಮನ್ ಬೆಳಕು ಮುಳುಗಿಹೋಗುತ್ತದೆ. 1923ರಲ್ಲಿ ರಾಮನಾಥನ್ ಅವರನ್ನು ಕಾಡಿದ ಪ್ರಶ್ನೆಯೇ ಇಂದು ಹಳೇ ಗಾರೆ ಪರೀಕ್ಷಿಸುವವರನ್ನೂ ಕಾಡುತ್ತಿದೆ. ಆದ್ದರಿಂದ ಜೈವಿಕ ಪದಾರ್ಥ ಹುಡುಕುವವರು ಬೇರೆ ಪರೀಕ್ಷೆಗಳ ಮೊರೆ ಹೋಗುತ್ತಾರೆ. ಎಲ್ಲೋರಾ ಗುಹೆಗಳ ಮಣ್ಣಿನ ಗಾರೆಯಲ್ಲಿ ಭಂಗಿ ಗಿಡದ ನಾರು ಇದೆ ಎಂದು 2016ರಲ್ಲಿ ವರದಿಯಾದದ್ದು ಸೂಕ್ಷ್ಮದರ್ಶಕ ಮತ್ತು ಇನ್‌ಫ್ರಾರೆಡ್ ಪರೀಕ್ಷೆಯಿಂದ. ಅದು ಪ್ರಕಟವಾದದ್ದು ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ.

ವಯಸ್ಸಿನ ವಿಷಯವೂ ಅಷ್ಟೇ. ರಾಮನ್ ಪರೀಕ್ಷೆ ಪದಾರ್ಥ ಯಾವುದು ಎಂದು ಹೇಳುತ್ತದೆ, ಯಾವಾಗಿನದು ಎಂದು ಹೇಳುವುದಿಲ್ಲ. ಸಾವಿರ ವರ್ಷ ಹಳೆಯ ಕ್ಯಾಲ್ಸೈಟ್ ಮತ್ತು ಈಚಿನ ಕ್ಯಾಲ್ಸೈಟ್ ಎರಡೂ 1086ನ್ನೇ ತೋರಿಸುತ್ತವೆ. ಕಾಲ ತಿಳಿಯಲು ಶಾಸನ, ಕಟ್ಟುವ ಶೈಲಿ, ಕಾರ್ಬನ್ ಪರೀಕ್ಷೆಯಂಥ ದಾರಿಗಳೇ ಬೇಕು.

ಇದು ನಿಮ್ಮ ಗೋಡೆಯ ಪ್ರಶ್ನೆಯೂ ಹೌದು

ಗಾರೆಯಲ್ಲಿ ಏನಿದೆ ಎಂದು ತಿಳಿಯುವುದು ಬರೀ ಕುತೂಹಲದ ಮಾತಲ್ಲ. ಸುಣ್ಣದ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಎಳೆದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಉಪ್ಪು ಮೇಲಕ್ಕೆ ಬರುತ್ತದೆ, ಮೆತ್ತನೆಯ ಹಳೇ ಇಟ್ಟಿಗೆ ಪುಡಿಯಾಗುತ್ತದೆ, ಕೊನೆಗೆ ಪ್ಲಾಸ್ಟರ್ ಹಪ್ಪಳದಂತೆ ಏಳುತ್ತದೆ. ಹಳೇ ಗೋಡೆ ಶಿಥಿಲ, ಕೆಡವಿಬಿಡಿ ಎಂಬ ಸಲಹೆ ಬರುವುದು ಆಮೇಲೆ. ಕೆಡಿಸಿದ್ದು ಹಲವು ಸಲ ರಿಪೇರಿಯೇ ಆಗಿರುತ್ತದೆ. ಫಾರ್ವರ್ಡ್ ನೋಡಿ ಬೆಲ್ಲ, ಮೊಟ್ಟೆ ಕಲಸಿ ಹಚ್ಚುವುದೂ ಪರಿಹಾರವಲ್ಲ.

ನಿಮ್ಮದು ದಂಡಿನ ಕಡೆಯ ಹಳೇ ಮನೆಯಾಗಿದ್ದರೆ, ಅಥವಾ ನಿಮ್ಮ ಬೀದಿಯ ಗುಡಿ, ಮಸೀದಿ, ಚರ್ಚಿನ ಜೀರ್ಣೋದ್ಧಾರಕ್ಕೆ ಚಂದಾ ಎತ್ತುತ್ತಿದ್ದರೆ, ಮೇಸ್ತ್ರಿಯನ್ನು ಕರೆಯುವ ಮುಂಚೆ ಗಾರೆಯ ಒಂದು ಚೂರನ್ನು ಪರೀಕ್ಷೆಗೆ ಕೊಡಿಸಿ. ಹಳೇ ಕಟ್ಟಡಗಳ ಸಂರಕ್ಷಣೆ ಬಲ್ಲ ವಾಸ್ತುಶಿಲ್ಪಿಗಳು ಎಲ್ಲಿ, ಹೇಗೆ ಎಂದು ಹೇಳುತ್ತಾರೆ. ಚೂರಿನಲ್ಲಿ ಸುಣ್ಣವೇ ಇದ್ದರೆ ರಿಪೇರಿಯೂ ಸುಣ್ಣದಲ್ಲೇ ಆಗಲಿ.

ಮುಂದಿನ ಫೆಬ್ರವರಿ 28ಕ್ಕೆ ಆ ಪೇಟದ ಫೋಟೋ ನಿಮ್ಮ ಗುಂಪಿಗೆ ಬಂದಾಗ ಇಷ್ಟು ಸೇರಿಸಿ ಕಳಿಸಿ: ಇದು ಹುಟ್ಟುಹಬ್ಬವಲ್ಲ. ಕಂಡದ್ದು ಕಲ್ಮಶವೋ ಅಸಲಿಯೋ ಎಂದು ರಾಮನ್, ಕೃಷ್ಣನ್, ರಾಮನಾಥನ್, ವೆಂಕಟೇಶ್ವರನ್ ಐದು ವರ್ಷ ಪರೀಕ್ಷಿಸಿ ಉತ್ತರ ಕಂಡ ದಿನ.